ನಮ್ಮ ಹಾಲಿಗೆ ನೀರು ಬಿದ್ದ ಮಳೆಗಾಲ

ಹೋದ ಶ್ರಾವಣದಲ್ಲಿ ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಿದ್ದೆ. ತಮ್ಮನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮ. ಘಟಪ್ರಭಾದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು. ಮಳೆ ಜಿಟಿಜಿಟಿ ಹಿಡಿದಿತ್ತು. ಸ್ಟೇಷನ್ ರಸ್ತೆಯ ತಗಡಿನ ಅಂಗಡಿಯೊಂದರ ಹಿಂದೆ ಯಾರೋ ಸಗಣಿ ಕುಳ್ಳಿನ ಬೆಂಕಿಯ ಮೇಲೆ ಎಮ್ಮೆಯ ಹಾಲು ಕಾಯಲು ಇಟ್ಟಿದ್ದರು. ಹಸಿ ಕುಳ್ಳಿನ ಹೊಗೆಯೂ ತಳ ಹಿಡಿಯುತ್ತಿದ್ದ ಹಾಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ನಾನು ನಿಂತಲ್ಲೇ ನಿಂತೆ. ಜೊತೆಗಿದ್ದ ತಮ್ಮನ ಸೊಸೆ, "ಅತ್ತಿ, ಕಾಲು ನೋಯಾಕತ್ತಾವೇನ್ರಿ?" ಎಂದು ಕೇಳಿದಳು. ಕಾಲಿಗೆ ಏನೂ ಆಗಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಈ ಹುಡುಗಿ ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಹಿಂದಿನ ಸಿಟ್ಟು, ಬೂದಿಯೊಳಗಿನ ಕೆಂಡದ ಹಾಗೆ ಇನ್ನೂ ಬಿಸಿಯಾಗಿಯೇ ಇತ್ತು.

ವಯಸ್ಸಾದ ಮೇಲೆ ಹಳೆಯದನ್ನೆಲ್ಲ ಮರೆತು ಎಲ್ಲರನ್ನೂ ಕ್ಷಮಿಸಬೇಕು ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಆ ಗುಣ ನನಗೆ ಬರಲಿಲ್ಲ, ಬರಲಿ ಎಂಬ ಆಸೆಯೂ ಇಲ್ಲ. ಆ ಮಳೆಗಾಲದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಓದಿದ ಮೇಲೆ ಬೇಕಾದವರು ಕ್ಷಮಿಸಿಕೊಳ್ಳಲಿ.

ಗೋಕಾಕದಿಂದ ಘಟಪ್ರಭಾಕ್ಕೆ ಹೋಗುವ ಹಾದಿಯಲ್ಲಿ, ಕಾಲುವೆಯ ಮಗ್ಗುಲಿಗೆ ನಮ್ಮೂರು. ಊರಿನ ಹೊರಗೆ, ಕಾಲುವೆ ದಂಡೆಗೆ ಅಂಟಿಕೊಂಡು ನಮ್ಮ ಕೇರಿ. ಊರಿನವರು ಮುಟ್ಟದ ಜನರ ಕೇರಿ. ಮುಂಬೈ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಕೇರಿಯವರು ಬುದ್ಧನ ದಾರಿ ಹಿಡಿದಿದ್ದರು. ಇನ್ನು ಮುಂದೆ ಸತ್ತ ದನ ಎಳೆಯುವುದಿಲ್ಲ ಎಂದು ನಮ್ಮ ಹಿರಿಯರು ಚಾವಡಿಯ ಮುಂದೆ ನಿಂತು ಹೇಳಿ ಬಂದರು. ಊರಿನವರು ಬಯ್ಯಲಿಲ್ಲ, ಹೊಡೆಯಲಿಲ್ಲ. ನಮ್ಮನ್ನು ಹೊಲದ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಪೆಟ್ಟು ತಿಂದವರಿಗೆ ಗಾಯವಾದರೂ ತೋರಿಸಲು ಇರುತ್ತದೆ, ನಮಗೆ ತೋರಿಸಲು ಖಾಲಿ ಒಲೆ ಮಾತ್ರ ಇತ್ತು.

ನನ್ನ ಅವ್ವನ ಹೆಸರು ದುರಗವ್ವ. ಅಪ್ಪ ಮಿರಜಿನ ಕಡೆ ರೈಲು ಹಳಿಯ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ. ಕೆಲಸ ನಿಂತಾಗ ಅವ್ವ ಅಳುತ್ತಾ ಕೂರಲಿಲ್ಲ. ಕೈಯಲ್ಲಿದ್ದ ಬೆಳ್ಳಿ ಕಡಗ ಬಿಚ್ಚಿಕೊಂಡು ಹೋಗಿ ಮೂಡಲಗಿಯ ದನದ ಸಂತೆಯಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದಳು. ಅವಳನ್ನು ನೋಡಿ ಬಾಜೂ ಮನೆಯ ಗೌರವ್ವ ತಂದಳು, ಆಮೇಲೆ ಕೇರಿಯಲ್ಲಿ ಮನೆಗೊಂದರಂತೆ ಎಮ್ಮೆಗಳು ಬಂದವು. ಕಾಲುವೆ ದಂಡೆಯ ಮೇಲೆ ಹುಲ್ಲಿಗೆ ಬರವಿರಲಿಲ್ಲ. ಹಾಲೂ ಆಯಿತು. ಆದರೆ ನಮ್ಮ ಕೈಯ ಹಾಲನ್ನು ಯಾರು ಕೊಳ್ಳಬೇಕು? ಊರಲ್ಲಿ ಯಾರೂ ಕೊಳ್ಳುವ ಹಾಗಿರಲಿಲ್ಲ. ಆಗ ಬಂದವನು ಮಲ್ಲೇಶಿ.

ಮಲ್ಲೇಶಿ ಗೋಕಾಕದಲ್ಲಿ ಹಾಲು ಮಾರುವವನು. ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು, ಬೆಳಕು ಹರಿಯುವ ಮುಂಚೆ, ಊರೊಳಗಿನ ರಸ್ತೆ ಬಿಟ್ಟು ಕಾಲುವೆ ದಂಡೆಯ ಮೇಲಿಂದ ಬರುತ್ತಿದ್ದ. ಕೇರಿಯ ಕೊನೆಗೆ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಕ್ಯಾನು ಇಟ್ಟು ತಾನು ದೂರ ಸರಿದು ನಿಲ್ಲುತ್ತಿದ್ದ. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಬಂದು, ಪಾತ್ರೆಯ ಅಂಚು ಕ್ಯಾನಿಗೆ ತಾಗದ ಹಾಗೆ ಎತ್ತರದಿಂದ ಹಾಲು ಸುರಿಯಬೇಕು. ಎಲ್ಲರೂ ಸುರಿದು ಹಿಂದೆ ಸರಿದ ಮೇಲೆ ಅವನು ತನ್ನ ತಾಮ್ರದ ಚಂಬಿನಲ್ಲಿ ಕಾಲುವೆಯ ನೀರು ತುಂಬಿ, ಏನೋ ಗುಣಗುಣ ಅನ್ನುತ್ತಾ ಮೊದಲು ಕ್ಯಾನಿನ ಸುತ್ತ, ಆಮೇಲೆ ಹಾಲಿನೊಳಗೆ ಚಿಮುಕಿಸುತ್ತಿದ್ದ. ಇದನ್ನು ಕದ್ದುಮುಚ್ಚಿ ಮಾಡುತ್ತಿರಲಿಲ್ಲ. "ಮೈಲಿಗಿ ಹೋಗಬೇಕಲ್ಲವಾ" ಎಂದು ನಮಗೇ ವಿವರಿಸುತ್ತಿದ್ದ, ನಾವು ಮೆಚ್ಚಿ ತಲೆದೂಗುತ್ತೇವೆ ಎಂಬ ಹಾಗೆ.

ಮೊದಮೊದಲು ನಾಲ್ಕು ಹನಿ ಸಾಕಾಗುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಅರ್ಧ ಚಂಬು. ಮಳೆಗಾಲ ಹಿಡಿಯುತ್ತಲೇ ತುಂಬಿದ ಚಂಬು, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಅವನ ಭಕ್ತಿ ದಿನದಿನಕ್ಕೆ ಹೆಚ್ಚಾಗುತ್ತಾ ಹೋಯಿತು. ಗೋಕಾಕಿನಲ್ಲಿ ತನ್ನ ಗಿರಾಕಿಗಳಿಗೆ ಅವನು ಹೇಳುತ್ತಿದ್ದುದು, ಇದು ತನ್ನ ಕೊಟ್ಟಿಗೆಯ ಎಮ್ಮೆಗಳ ಹಾಲು ಎಂದು. ಕೇರಿಯ ಹೆಸರು ಗೋಕಾಕಿನ ಕಿವಿಗೆ ಬೀಳಬಾರದು ಎಂಬುದು ಅವನಿಗೂ ನಮಗೂ ನಡುವಿನ ಕರಾರು.

ಅವ್ವ ಹಾಲು ಕರೆಯುವುದನ್ನು ನೋಡಬೇಕಿತ್ತು. ಪಾತ್ರೆಯನ್ನು ಬೂದಿಯಿಂದ ತಿಕ್ಕಿ, ತೊಳೆದು, ಬೋರಲು ಹಾಕಿ ಒಣಗಿಸಿಯೇ ತೆಗೆದುಕೊಳ್ಳುತ್ತಿದ್ದಳು. ಕೆಚ್ಚಲು ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸಿ, ತನ್ನ ಕೈಗಳನ್ನೂ ಒರೆಸಿಕೊಂಡೇ ಕರೆಯಲು ಕೂರುತ್ತಿದ್ದಳು. ಒಂದು ಹನಿ ನೀರು ಹಾಲಿಗೆ ಬಿದ್ದರೂ ಅವಳಿಗೆ ಆಗುತ್ತಿರಲಿಲ್ಲ. ಅಂಥ ಹಾಲಿಗೆ ಕಣ್ಣೆದುರೇ ಕಾಲುವೆಯ ನೀರು ಬೀಳುವಾಗ ಅವಳು ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ನಾನು ತಿರುಗಿಸುತ್ತಿರಲಿಲ್ಲ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಿಕೆಯ ಟ್ರೇನಿಂಗಿಗೆ ಕರೆ ಬರುವುದನ್ನು ಕಾಯುತ್ತಾ ಮನೆಯಲ್ಲಿದ್ದೆ. ದಿನಾ ಅವನ ಚಂಬನ್ನೇ ನೋಡುತ್ತಾ ನಿಲ್ಲುತ್ತಿದ್ದೆ, ಅವನಿಗೆ ಅದು ಇಷ್ಟವಾಗುತ್ತಿರಲಿಲ್ಲ.

ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆಯಿತು. ಕಾಲುವೆ ಕೆಂಪಗೆ, ದಪ್ಪಗೆ ಹರಿಯತೊಡಗಿತು. ಮೇಲಿನ ಊರುಗಳವರು ಅದರಲ್ಲೇ ದನ ತೊಳೆಯುತ್ತಿದ್ದರು, ಅದರ ದಂಡೆಯ ಮೇಲೇ ಬೆಳಗಿನ ಕೆಲಸಕ್ಕೆ ಕೂರುತ್ತಿದ್ದರು. ಮಳೆ ಎಲ್ಲವನ್ನೂ ಬಳಿದುಕೊಂಡು ಬಂದು ನೀರಿಗೆ ಹಾಕುತ್ತಿತ್ತು. ಸ್ವಲ್ಪ ದಿನದಲ್ಲೇ ಗೋಕಾಕಿನಲ್ಲಿ ಸಣ್ಣ ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಹಾಲು ಕುಡಿದ ಕೂಸುಗಳೇ ಹೆಚ್ಚಾಗಿ ಹಾಸಿಗೆ ಹಿಡಿದವು. ಹಾಲಿನ ಮೇಲೆ ಅನುಮಾನ ಬಂತು.

ಆ ಹೊತ್ತಿಗೆ ಗೋಕಾಕಕ್ಕೆ ಹೊಸ ಫುಡ್ ಇನ್ಸ್‌ಪೆಕ್ಟರ್ ಬಂದಿದ್ದರು. ಕಲಬೆರಕೆಯ ಕಾಯ್ದೆಯೂ ಹೊಸದು, ಅವರೂ ಹೊಸಬರು. ನಂಜುಂಡಯ್ಯ ಎಂದು ಹೆಸರು. ಮೈಸೂರು ಕಡೆಯವರು, ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಓಣಿಗಳ ಒಳಗುಟ್ಟು ಒಂದೂ ತಿಳಿಯುತ್ತಿರಲಿಲ್ಲ. ಅವರು ಒಂದು ಬೆಳಿಗ್ಗೆ ಮಲ್ಲೇಶಿಯ ಕ್ಯಾನಿಗೆ ಲ್ಯಾಕ್ಟೋಮೀಟರ್ ಬಿಟ್ಟರು. ಹಾಲಿನಲ್ಲಿ ನೀರಿದ್ದರೆ ಆಳಕ್ಕೆ ಮುಳುಗುವ ಗಾಜಿನ ಕಡ್ಡಿ ಅದು. ಮುಳುಗಿತು. ಮಲ್ಲೇಶಿ ಅವರನ್ನು ಮರೆಗೆ ಕರೆದುಕೊಂಡು ಹೋಗಿ, ಕೈ ಮುಗಿದು, ತಾನು ಬರೀ ತಂದು ಮಾರುವವನು, ನೀರು ಬೆರೆಸುವವಳು ಇಂಥ ಊರಿನ ದುರಗವ್ವ ಎಂದು ಹೇಳಿದ. ಇದು ಆಮೇಲೆ ಇನ್ಸ್‌ಪೆಕ್ಟರ ಬಾಯಿಂದಲೇ ನಮಗೆ ತಿಳಿಯಿತು.

ಮರುದಿನ ಮಧ್ಯಾಹ್ನ ಅವರು ಜವಾನನ ಜೊತೆ ನಮ್ಮ ಮನೆಯ ಮುಂದೆ ಬಂದು ನಿಂತರು. ಕೊಡೆಯಿಂದ ನೀರು ಸೋರುತ್ತಿತ್ತು, ಪ್ಯಾಂಟು ಮೊಳಕಾಲಿನವರೆಗೆ ಕೆಸರಾಗಿತ್ತು.

"ಇಲ್ಲಿ ದುರಗವ್ವ ಅಂದ್ರೆ ಯಾರಮ್ಮ?"

"ನಾನ ರೀ, ಸಾಹೇಬ್ರ."

"ನೀವು ಹಾಲಿಗೆ ನೀರು ಬೆರೆಸ್ತೀರಂತೆ. ಮಲ್ಲೇಶಪ್ಪ ಹೇಳಿಕೆ ಕೊಟ್ಟಿದ್ದಾರೆ. ಪಟ್ಟಣದಲ್ಲಿ ಮಕ್ಕಳು ಕಾಯಿಲೆ ಬಿದ್ದಿವೆ. ಇದು ಕೋರ್ಟಿಗೆ ಹೋಗೋ ವಿಷಯ, ತಮಾಷೆ ಅಲ್ಲ."

ನನಗೆ ಸುಮ್ಮನಿರಲು ಆಗಲಿಲ್ಲ.

"ನಮ್ಮವ್ವ ನೀರು ಹಾಕೂದನ್ನ ನೀವು ನೋಡೀರೇನ್ರಿ?"

"ನೋಡಬೇಕಾಗಿಲ್ಲಮ್ಮ. ಲ್ಯಾಕ್ಟೋಮೀಟರ್ ತೋರಿಸುತ್ತೆ."

"ಅದು ನೀರು ಐತಿ ಅಂತ ತೋರಸ್ತದ. ಹಾಕಿದವರ ಹೆಸರೂ ತೋರಸ್ತದೇನ್ರಿ?"

ಅವರ ಮುಖ ಕೆಂಪಾಯಿತು. ಉತ್ತರ ಕೊಡುವ ಮೊದಲೇ ಅವ್ವ ನಡುವೆ ಬಂದಳು.

"ನೀರು ಹಾಕಿದಾಕಿ ನಾನ ರೀ. ಬರಕೋರ್ರಿ. ಈ ಹುಡುಗಿ ಮಾತು ಮನಸಿಗಿ ಹಚ್ಚಿಕೋಬ್ಯಾಡ್ರಿ."

ನನ್ನ ಕೆನ್ನೆಗೆ ಹೊಡೆದಂತಾಯಿತು. ನಂಜುಂಡಯ್ಯ ಜೇಬಿನಿಂದ ಪೆನ್ನು ತೆಗೆದರು. "ಎಷ್ಟು ನೀರು ಹಾಕ್ತಾ ಇದ್ರಿ?" ಎಂದು ಕೇಳಿದರು. ಅವ್ವ ತಡವರಿಸಿದಳು. ಜೀವನದಲ್ಲಿ ಮಾಡದ ಕೆಲಸದ ಅಳತೆ ಅವಳಿಗೆ ಹೇಗೆ ಗೊತ್ತಿರಬೇಕು? "ಎಷ್ಟು ಹಾಕತಾರೋ ಅಷ್ಟ ರೀ" ಎಂದಳು. ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. ಬರುವ ಸಂತೆಯ ದಿನ ಆಗ ತಾನೆ ಕರೆದ ಹಾಲು ತೆಗೆದುಕೊಂಡು ಗೋಕಾಕಕ್ಕೆ ಬನ್ನಿ, ಪಂಚರ ಸಾಕ್ಷಿಯಲ್ಲಿ ಮಲ್ಲೇಶಪ್ಪನದೂ ನಿಮ್ಮದೂ ಎರಡೂ ಹಾಲು ನೋಡಿ ಹೇಳಿಕೆ ಬರೆದುಕೊಳ್ಳುತ್ತೇನೆ ಎಂದರು. ಕುಡಿಯಲು ನೀರು ಕೊಡಲೇ ಎಂದು ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ. ಮಳೆಯಲ್ಲೇ ಹೊರಟುಹೋದರು.

ಆ ಸಂಜೆ ನನಗೂ ಅವ್ವನಿಗೂ ಜಗಳ.

"ಯಾಕ ಹಂಗ ಅಂದಿ?"

"ಮತ್ತೇನ ಅನ್ಲಿ? ಹಾಲು ಯಾವ ಕೇರಿದು ಅಂತ ಗೋಕಾಕಿನಾಗ ಗೊತ್ತಾದ್ರ ಒಂದ ತಂಬಗಿನೂ ಯಾರೂ ಕೊಳ್ಳೂದಿಲ್ಲ. ಇಡೀ ಕೇರಿ ಹಾಲು ಕಾಲುವಿಗಿ ಸುರೀಬೇಕಾಕ್ಕತಿ. ಕಳ್ಳಿ ಅನಿಸಿಕೊಂಡ್ರ ನಾ ಒಬ್ಬಾಕಿ ಅನಿಸಿಕೋತೇನಿ, ಹೋಗಲಿ."

"ನೀ ಕಳ್ಳಿ ಅಲ್ಲ."

"ಅದು ನನಗ ಗೊತ್ತೈತಿ. ಅಷ್ಟ ಸಾಕು."

"ನನಗ ಸಾಕಾಗೂದಿಲ್ಲ."

ಅವ್ವ ಒಲೆಯ ಕಡೆ ತಿರುಗಿ ಕೂತಳು. ಅವಳ ಲೆಕ್ಕ ತಪ್ಪು ಎಂದು ಹೇಳಲಾರೆ. ಕೇರಿಯ ಅಷ್ಟೂ ಮನೆಗಳ ರೊಟ್ಟಿ ಆ ಕ್ಯಾನಿನಿಂದಲೇ ಬರುತ್ತಿತ್ತು. ಆದರೆ ಕೋರ್ಟಿನಲ್ಲಿ ನನ್ನ ಅವ್ವನ ಹೆಸರನ್ನು ಕೂಗಿ, ಮಕ್ಕಳಿಗೆ ಹೊಲಸು ನೀರು ಕುಡಿಸಿದವಳು ಎಂದು ಓದಿ ಹೇಳುವುದನ್ನು ನೆನೆದರೆ ನನ್ನ ಮೈ ಉರಿಯುತ್ತಿತ್ತು. ಹಸಿವನ್ನು ಸಹಿಸಿ ಅಭ್ಯಾಸವಿತ್ತು, ಇದನ್ನು ಸಹಿಸಲು ನಾನು ಸಿದ್ಧಳಿರಲಿಲ್ಲ.

ಮರುದಿನ ಬೆಳಿಗ್ಗೆ ಮಲ್ಲೇಶಿ ಎಂದಿನಂತೆ ಬಂದ. ಕಲ್ಲಿನ ಮೇಲೆ ಕ್ಯಾನು ಇಟ್ಟು, ದೂರ ನಿಂತು, ನಗುತ್ತಲೇ ಮಾತಾಡಿದ.

"ದುರಗವ್ವಾ, ಸಾಹೇಬ್ರ ಮುಂದ ಹೂಂ ಅಂದ ಬಿಡು. ದಂಡ ಬಿದ್ರ ನಾ ಕಟ್ಟತೇನಿ. ಏನಾರ ಹೆಚ್ಚು ಕಡಿಮಿ ಮಾತಾಡಿದ್ರ, ನಾ ಈ ಕಡೆ ಬರೂದಿಲ್ಲ. ಆಮ್ಯಾಲ ನಿಮ್ಮ ಹಾಲು ನೀವ ಕುಡೀರಿ."

ಇದು ಅವನ ಬೆದರಿಕೆ. ನಮ್ಮ ಎಮ್ಮೆ, ನಮ್ಮ ಹಾಲು, ಅದನ್ನು ನಾವೇ ಕುಡಿಯಬೇಕಾಗುತ್ತದೆ ಎಂದು ನಮ್ಮನ್ನು ಹೆದರಿಸುತ್ತಿದ್ದ. ನಾವು ಹೆದರಿದ್ದೆವು ಎಂಬುದೇ ನನಗೆ ಈಗಲೂ ನಾಚಿಕೆಯನ್ನಲ್ಲ, ಉರಿಯನ್ನು ತರುವ ಸಂಗತಿ. ಮಾತು ಮುಗಿಸಿ ಅವನು ಚಂಬು ತುಂಬಲು ಕಾಲುವೆಗೆ ಇಳಿದ.

ಸಂತೆಯ ದಿನ ಅವ್ವ ಹಿತ್ತಾಳೆಯ ಬಿಂದಿಗೆಯಲ್ಲಿ ಹಾಲು ಕರೆದು, ಒಣ ಬಟ್ಟೆ ಕಟ್ಟಿ ನನ್ನ ತಲೆಯ ಮೇಲಿಟ್ಟಳು. ದಾರಿಯುದ್ದಕ್ಕೂ ಒಂದೇ ಮಾತು: "ನೀ ಬಾಯಿ ತೆರೀಬ್ಯಾಡ, ನಾ ಹೇಳೂದು ಹೇಳತೇನಿ." ನಾನು ಬಿಂದಿಗೆ ಸರಿಮಾಡಿಕೊಂಡು ಮುಂದೆ ನಡೆದೆ.

ಮಲ್ಲೇಶಿ ಹಾಲು ಮಾರುತ್ತಿದ್ದುದು ಸಂತೆ ಬಯಲಿನ ಬೇವಿನ ಮರದ ಕೆಳಗೆ. ಆ ಕಡೆ ಬಣ್ಣದ ಕಟ್ಟಿಗೆ ಗೊಂಬೆ, ಆಟಿಗೆಗಳ ಅಂಗಡಿ, ಈ ಕಡೆ ಕರದಂಟಿನವರು, ನಡುವೆ ಮೆಣಸಿನಕಾಯಿಯ ರಾಶಿ. ಹಾಲಿನ ಕೇಸು ಎಂದು ತಿಳಿದು ಜನ ಆಗಲೇ ನೆರೆದಿದ್ದರು. ಮುಂದೆಯೇ ನಿಂತಿದ್ದವರು ಗಂಗಕ್ಕ. ಕಾಳುಕಡಿ ವ್ಯಾಪಾರದ ಮನೆಯ ಯಜಮಾನಿ, ಈಶ್ವರನ ಗುಡಿಗೆ ದಿನಾ ಹಾಲು ಕಳಿಸುವವರು, ಮಲ್ಲೇಶಿಯ ಹಳೆಯ ಗಿರಾಕಿ. ಅವರು ಒಂದು ಮಾತು ಹೇಳಿದರೆ ಆ ಓಣಿಯಲ್ಲಿ ಅದೇ ತೀರ್ಮಾನ.

ನಂಜುಂಡಯ್ಯ ಮೊದಲು ಮಲ್ಲೇಶಿಯ ಕ್ಯಾನಿಗೆ ಕಡ್ಡಿ ಬಿಟ್ಟರು. ಮುಳುಗಿತು. ಅದನ್ನು ತೊಳೆದು ಒರೆಸಿ ನಮ್ಮ ಬಿಂದಿಗೆಗೆ ಬಿಟ್ಟರು. ಕತ್ತು ಎತ್ತಿ ನಿಂತಿತು. ಹತ್ತಿರ ಇದ್ದವರೆಲ್ಲ ಬಗ್ಗಿ ನೋಡಿದರು. ಆಗ ಅವರು, ಈ ಸೀಮೆಯಲ್ಲಿ ಹುಟ್ಟಿದ ಯಾರೂ ಅಷ್ಟು ಜನರ ನಡುವೆ ಕೇಳದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಬಿಟ್ಟರು.

"ಮಲ್ಲೇಶಪ್ಪನವರೇ, ಇವರ ಹಾಲಿನಲ್ಲಿ ನೀರಿಲ್ಲವಲ್ಲ. ನೀವು ದಿನಾ ಕೊಳ್ಳೋದು ಇವರಿಂದಲೇ ತಾನೆ?"

ಗಂಗಕ್ಕ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು.

"ಇವರ ಕಡೆಯಿಂದ? ಇವರ್ಯಾರು? ಯಾವ ಓಣಿಯವರು?"

ಅವ್ವ ನನ್ನ ಸೆರಗು ಹಿಡಿದು ಎಳೆದಳು. ನಾನು ಅವಳ ಕೈ ಬಿಡಿಸಿಕೊಂಡೆ.

"ನಾವು ಕಾಲುವಿ ದಂಡಿ ಕೇರಿಯವರ ರೀ. ದಿನಾ ನಸುಕಿನಾಗ ಮಲ್ಲೇಶಿ ನಮ್ಮ ಹಾಲ ತರತಾನ. ನೀವು ಗುಡಿಗಿ ಕಳಸೂದೂ ಅದನ ರೀ. ಅದರಾಗ ನೀರು ಹಾಕಿದಾಕಿ ನಮ್ಮವ್ವ ಅಲ್ಲ."

ಮಲ್ಲೇಶಿ ಇನ್ಸ್‌ಪೆಕ್ಟರನ್ನು ಮರೆತೇಬಿಟ್ಟ. ಅವನಿಗೆ ಕಾಣುತ್ತಿದ್ದುದು ಗಂಗಕ್ಕನ ಮುಖ ಒಂದೇ.

"ಅಕ್ಕಾರ, ಹಂಗ ತಂದಿಲ್ರಿ. ನಿಮಗ ಹಂಗ ಕೊಡತೇನೇನ್ರಿ? ನೀರು ಹಾಕಿ, ದೇವರ ಹೆಸರು ತಗೊಂಡು, ಮೈಲಿಗಿ ಕಳದ ತಂದೇನ್ರಿ."

"ನೀರು ಹಾಕಿದ್ದು ನೀವೇನಾ?" ಎಂದರು ನಂಜುಂಡಯ್ಯ. "ಎಷ್ಟು ಹಾಕಿದ್ರಿ?"

ಮಲ್ಲೇಶಿ ಬೆಚ್ಚಿ ಅವರ ಕಡೆ ತಿರುಗಿದ. "ಸ್ವಲ್ಪ ರೀ, ಸಾಹೇಬ್ರ. ನಾಲ್ಕ ಹನಿ."

"ನಾಲ್ಕ ಹನಿಗಿ ಮೈಲಿಗಿ ಹೋಕ್ಕೇತೇನೋ?" ಗಂಗಕ್ಕ ಕೇಳಿದರು.

"ಇಲ್ರಿ ಅಕ್ಕಾರ, ಒಂದ ಚಂಬು."

"ಒಂದು ಚೊಂಬು?"

"ಅಲ್ರಿ ಸಾಹೇಬ್ರ, ಅರ್ಧ ಚಂಬು."

"ಅಷ್ಟು ಹಾಲಿಗಿ ಅರ್ಧ ಚಂಬು?" ಗಂಗಕ್ಕನ ದನಿ ಏರಿತು. "ಅದನ್ನ ನಾ ದೇವರ ಮ್ಯಾಲ ಎರಸೇನಿ?"

ಮಲ್ಲೇಶಿ ಇತ್ತ ಒಮ್ಮೆ ಅತ್ತ ಒಮ್ಮೆ ನೋಡಿದ. ಈ ಕಡೆ ಒಪ್ಪಿದರೆ ಕೋರ್ಟು, ಆ ಕಡೆ ತಪ್ಪಿದರೆ ಜಾತಿ. ಕೊನೆಗೆ ಅವನು ಆರಿಸಿಕೊಂಡದ್ದಕ್ಕೆ ಆ ಸಂತೆಯಲ್ಲಿದ್ದ ಯಾರಿಗೂ ಆಶ್ಚರ್ಯವಾಗಲಿಲ್ಲ, ಮೈಸೂರಿನವರೊಬ್ಬರನ್ನು ಬಿಟ್ಟು. ಎದೆಯ ಮೇಲೆ ಕೈ ಇಟ್ಟು ಹೇಳಿದ:

"ದೇವರ ಆಣಿ ಮಾಡಿ ಹೇಳತೇನ್ರಿ ಅಕ್ಕಾರ. ಒಂದೊಂದ ಕ್ಯಾನಿಗಿ ಮೂರ ಚಂಬು ಹಾಕೇನ್ರಿ, ಅದಕ್ಕ ಕಡಿಮಿ ಹಾಕಿಲ್ಲ. ಹರಿಯೂ ಕಾಲುವಿ ನೀರು ರೀ. ಶುದ್ಧ."

ಗುಂಪಿನಿಂದ ಒಬ್ಬ ಹೆಂಗಸು ನುಗ್ಗಿ ಬಂದಳು. ಕಂಕುಳಲ್ಲಿ ಒಣಗಿದ ಕೂಸು, ಕಣ್ಣು ಒಳಗೆ ಹೋಗಿದ್ದವು. "ನನ್ನ ಕೂಸಿಗಿ ಈ ಕೆಂಪ ನೀರು ಕುಡಿಸೀಯೇನೋ ಮೂಳಾ?" ಎಂದು ಮಲ್ಲೇಶಿಯ ಅಂಗಿ ಹಿಡಿದಳು. ಅವಳನ್ನು ನೋಡಿ ನನ್ನ ಕಣ್ಣು ತುಂಬಿತು. ಆದರೆ ಅಂಗಿ ಬಿಟ್ಟು ಹಿಂದೆ ಸರಿಯುವಾಗ ತನ್ನ ಸೀರೆ ನಮ್ಮ ಬಿಂದಿಗೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡಳು. ಅದನ್ನೂ ನಾನು ನೋಡಿದೆ.

ಗಂಗಕ್ಕ ಇನ್ಸ್‌ಪೆಕ್ಟರ ಮುಂದೆ ಬಂದು ನಿಂತರು. "ನೀರು ಹಾಕಿದ್ದಕ್ಕ ನೀವು ಕೇಸು ಮಾಡತೀರಿ, ಮಾಡ್ರಿ. ಇಂಥವರ ಹಾಲು ನಮಗ ಕುಡಿಸಿದ್ದಕ್ಕ ಯಾವ ಕೇಸು ಮಾಡತೀರಿ?"

ನಂಜುಂಡಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಎಲ್ಲ ಅರ್ಥವಾದದ್ದು ಆ ಗಳಿಗೆಯಲ್ಲೇ ಇರಬೇಕು. "ಅದು ಕಲಬೆರಕೆ ಅಲ್ಲಮ್ಮ. ಅದಕ್ಕೆ ಕೇಸಿಲ್ಲ" ಎಂದರು. ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. ಆದರೂ ಹೇಳಿದರು.

ಕೇಸು ಮಲ್ಲೇಶಿಯ ಮೇಲೆ ಆಯಿತು. ಅವ್ವನ ಹೆಸರಿಗೆ ಕಳಂಕ ಬರಲಿಲ್ಲ. ಅವಳು ಹೇಳಿದ ಮಾತೂ ಸುಳ್ಳಾಗಲಿಲ್ಲ. ಮರುದಿನ ಕಲ್ಲಿನ ಹತ್ತಿರ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೇರಿಯ ಹೆಂಗಸರು ತುಂಬಿದ ಪಾತ್ರೆ ಹಿಡಿದು ನಿಂತು ನಿಂತು ಮನೆಗೆ ಹೋದರು. ಗೌರವ್ವ ನಮ್ಮ ಬಾಗಿಲಿಗೇ ಬಂದು ಅಂದಳು, "ನಿನ್ನ ಬಾಯಿ ನಮ್ಮ ಹೊಟ್ಟಿ ಮ್ಯಾಲ ಹೊಡೀತು, ಶಾಂತಾ. ನೀ ಟ್ರೇನಿಂಗಿಗಿ ಹೋಗಾಕಿ. ಇಲ್ಲಿರೂದು ನಾವು." ನಾನು ತಲೆ ತಗ್ಗಿಸಲಿಲ್ಲ. ಮಾತಾಡಿದ್ದು ತಪ್ಪು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅವಳು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ.

ಆ ದಿನಗಳಲ್ಲಿ ಒಂದು ನಡೆಯಿತು, ಅದನ್ನು ಬರೆಯಲೇಬೇಕು. ನಮ್ಮ ಕೇರಿಯ ಮಕ್ಕಳು ಹಾಲು ಕುಡಿದವು. ಮನೆಯಲ್ಲಿ ಎಮ್ಮೆ ಕಟ್ಟಿಕೊಂಡೂ ಅದುವರೆಗೆ ಅವಕ್ಕೆ ಸಿಗುತ್ತಿದ್ದುದು ಪಾತ್ರೆ ತೊಳೆದ ನೀರು ಮತ್ತು ತಳದ ಕೆರಕಲು. ಈಗ ತಂಬಿಗೆ ತುಂಬಿಸಿಕೊಂಡು, ಬಾಗಿಲಲ್ಲಿ ಕೂತು, ಬಿಳಿ ಮೀಸೆ ಬರಿಸಿಕೊಂಡು ಕುಡಿದವು. ಗೌರವ್ವನ ಮೊಮ್ಮಗನಂತೂ ಕುಡಿದು ಕುಡಿದು ಅಲ್ಲೇ ನಿದ್ದೆ ಹೋದ. ನೋಡಿ ನಮಗೆಲ್ಲ ನಗು ಬಂತು, ಗೌರವ್ವನೂ ನಕ್ಕಳು. ಆದರೆ ಬರೀ ಹಾಲಿನಿಂದ ಮನೆ ನಡೆಯುವುದಿಲ್ಲ. ಜೋಳ ಮುಗಿಯುತ್ತಾ ಬಂತು. ಎಮ್ಮೆಯನ್ನು ಮತ್ತೆ ಮೂಡಲಗಿ ಸಂತೆಗೆ ಹೊಡೆಯುವ ಮಾತು ಮನೆಮನೆಯಲ್ಲಿ ಶುರುವಾಯಿತು.

ಸಂತೆಯ ಹಿಂದಿನ ಸಂಜೆ ಅವ್ವ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದಳು.

"ನಾಳೆ ಗೋಕಾಕಕ್ಕ ಹೋಗೂಣು" ಎಂದಳು.

"ಯಾಕ? ಮತ್ತ ಕರದಾರೇನು?"

"ಯಾರೂ ಕರದಿಲ್ಲ. ಹಾಲು ಮಾರಾಕ."

"ಯಾರು ಕೊಳ್ತಾರ ಅವ್ವಾ?"

"ಯಾರೂ ಕೊಳ್ಳೂದಿಲ್ಲ." ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಆದ್ರ ಕಳ್ಳಿ ಅಂತ ಒಪ್ಪಿಕೊಳ್ಳಾಕ ಆ ಸಂತಿಗಿ ಹೋಗಿದ್ದೆ. ಒಮ್ಮಿ ಹಾಲು ಮಾರಾಕಿ ಅಂತ ಹೋಗಿ ಕುಂಡರತೇನಿ. ಆಮ್ಯಾಲ ಎಮ್ಮಿ ಮಾರೂದಿದ್ರ ಮಾರೂಣು."

ಹಿಂದಿನ ಸಂತೆಯಲ್ಲಿ ನನ್ನ ಸೆರಗು ಎಳೆದ ಅವ್ವ ಇವಳೇನಾ ಎಂದು ನಾನು ಅವಳನ್ನೇ ನೋಡುತ್ತಾ ನಿಂತೆ. ನನಗೆ ಅಷ್ಟು ಹೆಮ್ಮೆಯಾದ ಸಂಜೆ ಮತ್ತೊಂದಿಲ್ಲ.

ಮಲ್ಲೇಶಿ ಕೂರುತ್ತಿದ್ದ ಬೇವಿನ ಮರದ ಕೆಳಗಿನ ಜಾಗ ಖಾಲಿ ಇತ್ತು. ಅವ್ವ ನೆಟ್ಟಗೆ ಹೋಗಿ ಅಲ್ಲೇ ಕೂತಳು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಬಿಂದಿಗೆ ಹೊಳೆಯುತ್ತಿತ್ತು. ಆಟಿಗೆ ಅಂಗಡಿಯವನು, "ಅಲ್ಲಿ ಕುಂಡ್ರಬ್ಯಾಡ, ಎದ್ದೇಳು" ಎಂದ. ಅವ್ವ, "ಸಂತಿ ಸರಕಾರದ್ದ ರೀ ಯಪ್ಪಾ" ಎಂದು ಅಳತೆಯ ಪಾವನ್ನು ಬಿಂದಿಗೆಯ ಪಕ್ಕ ಇಟ್ಟುಕೊಂಡಳು. ಜನ ನಮ್ಮನ್ನು ಸುತ್ತುಹಾಕಿ ದೂರದಿಂದ ಹೋಗತೊಡಗಿದರು. ಗಂಗಕ್ಕನೂ ಹೋದರು, ಈ ಕಡೆ ನೋಡದೆ. ಬಿಸಿಲೇರಿತು. ಒಬ್ಬರೂ ಹತ್ತಿರ ಬರಲಿಲ್ಲ. ನನಗೆ ಅಳು ಬರುತ್ತಿತ್ತು, ಅತ್ತರೆ ಅವರು ಗೆದ್ದ ಹಾಗೆ ಎಂದು ಹಲ್ಲು ಕಚ್ಚಿ ಕೂತಿದ್ದೆ.

ಆಗ ನಂಜುಂಡಯ್ಯ ಬಂದರು, ಹಿಂದೆ ಬಾಟಲಿಗಳ ಪೆಟ್ಟಿಗೆ ಹೊತ್ತ ಜವಾನ. ನಮ್ಮ ಬಿಂದಿಗೆಯ ಮುಂದೆ ನಿಂತರು.

"ದುರಗವ್ವನವರೇ, ಮಾರಾಟಕ್ಕಿಟ್ಟ ಹಾಲು ಯಾರದೇ ಇರಲಿ, ನಾನು ಪರೀಕ್ಷೆಗೆ ತಗೋಬೇಕು. ಅದು ನನ್ನ ಕೆಲಸ."

ನನಗೆ ಸಿಟ್ಟು ನೆತ್ತಿಗೇರಿತು. "ಊರಿನ ಹಾಲೆಲ್ಲಾ ಬಿಟ್ಟು ನಮ್ಮ ಹಾಲ ಕಂಡಿತೇನ್ರಿ ನಿಮಗ?" ಎಂದೆ. ಅವ್ವ ನನ್ನ ಮೊಳಕಾಲಿನ ಮೇಲೆ ಕೈ ಇಟ್ಟು, "ತಗೋರಿ ಸಾಹೇಬ್ರ, ತಗೋರಿ. ಸಾಕಷ್ಟ ಐತಿ" ಎಂದಳು. ತಾನೇ ಅಳೆದು ಅವರ ಬಾಟಲಿಗಳಿಗೆ ಸುರಿದಳು. ಅವರು ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮುಚ್ಚಳಕ್ಕೆ ಅರಗು ಹಾಕಿ ಮುದ್ರೆ ಒತ್ತಿದರು. ಏನು ನಡೆಯುತ್ತಿದೆ ಎಂದು ನೋಡಲು ದೂರ ಹೋಗುತ್ತಿದ್ದ ಜನ ನಿಂತರು. ನಿಂತವರು ಹತ್ತಿರ ಬಂದರು. ಇಷ್ಟು ಹೊತ್ತು ಬರದವರೆಲ್ಲ ಈಗ ಬಂದರು, ನಮ್ಮ ಹಾಲಿನಲ್ಲೂ ನೀರು ಸಿಕ್ಕಿತೇ ಎಂದು ನೋಡಲು.

ನಂಜುಂಡಯ್ಯ ಎದ್ದು ನಿಂತು ಜೇಬಿನಿಂದ ಹಣದ ಚೀಲ ತೆಗೆದರು. ಅವ್ವ ತಬ್ಬಿಬ್ಬಾದಳು.

"ಇದ್ಯಾಕ ರೀ?"

"ಪರೀಕ್ಷೆಗೆ ತಗೊಂಡ ಹಾಲಿಗೂ ಬೆಲೆ ಕೊಡಬೇಕಮ್ಮ. ಕಾನೂನು ಹಾಗಿದೆ."

ನಮ್ಮಂಥವರಿಗೆ ಆ ಸಂತೆಯಲ್ಲಿ ಯಾರೂ ಕೈಗೆ ಹಣ ಕೊಡುತ್ತಿರಲಿಲ್ಲ, ಮುಂದೆ ನೆಲಕ್ಕೆ ಬೀಳಿಸುತ್ತಿದ್ದರು. ಅವರು ಒಂದು ಗಳಿಗೆ ಸುತ್ತ ನೆರೆದ ಜನರನ್ನು ನೋಡಿದರು. ಆಮೇಲೆ ಬಗ್ಗಿ, ಅವ್ವನ ಅಂಗೈಯಲ್ಲಿ ಹಣ ಇಟ್ಟರು. ಅವ್ವ ಮುಷ್ಟಿ ಬಿಗಿದಳು.

"ಅಂದ್ರ ನೀವು ನನ್ನ ಹಾಲು ಕೊಂಡಂಗ ಆತೇನ್ರಿ?"

"ಹೌದಮ್ಮ."

"ಈ ರೊಕ್ಕ ನಿಮ್ಮದೇನ್ರಿ?"

"ನಂದಲ್ಲ. ಸರ್ಕಾರದ್ದು."

ಅವ್ವ ಎದ್ದಳು. ಊರಲ್ಲಾಗಲಿ ಸಂತೆಯಲ್ಲಾಗಲಿ ದನಿ ಎತ್ತಿ ಮಾತಾಡದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿಯನ್ನು ತಲೆಯ ಮೇಲಕ್ಕೆತ್ತಿ, ಆಟಿಗೆ ಅಂಗಡಿಯಿಂದ ಮೆಣಸಿನಕಾಯಿಯ ರಾಶಿಯವರೆಗೆ ಕೇಳುವ ಹಾಗೆ ಕೂಗಿ ಹೇಳಿದಳು.

"ಕಾಲುವಿ ದಂಡಿ ಕೇರಿ ಹಾಲ ಐತಿ. ದುರಗವ್ವನ ಹಾಲ ಐತಿ. ಮೊದಲನೇ ಗಿರಾಕಿ ಸರಕಾರ, ತಗೊಂಡು ಆತು. ಎರಡನೇದವರು ಯಾರು ಬರತೀರಿ, ಬರ್ರಿ."

ಯಾರೂ ಅಲುಗಾಡಲಿಲ್ಲ. ಅವ್ವನೂ ಕೂರಲಿಲ್ಲ. ಅಳತೆಯ ಪಾವಿನ ತುಂಬ ಹಾಲು ಎತ್ತಿ ಹಿಡಿದು, ಉತ್ತರಕ್ಕಾಗಿ ಕಾಯುತ್ತಾ ನಿಂತೇ ಇದ್ದಳು.